ಪವಿತ್ರಳ ಹರಕೆ

ನಮ್ಮ ಪವಿತ್ರ ಮಾದಪ್ಪನಿಗೆ ಹರಕೆ ಹೊತ್ತಿದ್ದಾಳೆ ಎಂದು ಮುಳ್ಳೂರಿಗೆಲ್ಲ ಸಾರಿದವಳು ಅವಳ ತಾಯಿ, ನನ್ನ ತಮ್ಮನ ಹೆಂಡತಿ ಮಹಾಲಕ್ಷ್ಮಮ್ಮ. ಹುಡುಗಿ ಕೊಳ್ಳೇಗಾಲದಲ್ಲಿ ಪಿಯುಸಿ ಓದುತ್ತಾಳೆ. ಮೊದಲು ಸೋಮವಾರ ಮಾತ್ರ ಉಪವಾಸವಿತ್ತು, ಆಮೇಲೆ ವಾರಪೂರ್ತಿ ಆಯಿತು. ಮಾದಪ್ಪನ ಬೆಟ್ಟಕ್ಕೆ ಹೋಗಿ ಹರಕೆ ತೀರಿಸುವವರೆಗೆ ಅನ್ನ ಮುಟ್ಟುವುದಿಲ್ಲವಂತೆ, ಬರೀ ಮಜ್ಜಿಗೆ, ಬಾಳೆಹಣ್ಣು. ಆಹಾ, ಎಂಥ ಭಕ್ತಿ! ನನಗಂತೂ ನಂಬಿಕೆ ಬರಲಿಲ್ಲ.

ದೀಪ ಹಚ್ಚುವಾಗಲೂ ಅವಳ ಕೈಯಲ್ಲಿ ಮೊಬೈಲು. ಊಟದ ಹೊತ್ತಿಗೆ ಕೋಣೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದಳು. ನಾನು ಹೋದರೆ ಫೋನು ಬೋರಲು. ಯಾವನೋ ಇದ್ದಾನೆ ಎಂದುಕೊಂಡೆ. ಒಂದು ದಿನ ಕಿಟಕಿಯಿಂದ ಇಣುಕಿದೆ. ಹೌದು, ಇಣುಕಿದೆ, ಏನೀಗ? ಕನ್ನಡಿ ಮುಂದೆ ಹೊಟ್ಟೆ ಒಳಗೆಳೆದುಕೊಂಡು ತನ್ನದೇ ಫೋಟೋ ತೆಗೆದಳು. ಅದನ್ನು ನೋಡಿಕೊಂಡು ಅತ್ತಳು.

ಮಹಾಲಕ್ಷ್ಮಮ್ಮನಿಗೆ ಹೇಳಿದೆ. "ಅಕ್ಕ, ನಿಮ್ಗೆ ಯಾರ್ ಕಂಡ್ರೂ ಅನ್ಮಾನ. ಅರಕೆ ಕೆಡುಸ್ಬುಟ್ರೆ ಮಾದಪ್ಪ ಸುಮ್ಕಿದ್ದಾನಾ?" ಎಂದು ಸಿಡುಕಿದಳು.

"ಕೆಡ್ಸದ್ಯಾಕೆ? ತೀರ್ಸೇ ಬುಡಣ. ಈ ಸ್ವಾಮಾರನೇ ಬೆಟ್ಟಕ್ಕೋಗಣ" ಎಂದೆ.

ಪವಿತ್ರಳ ಮುಖ ಬಿಳಚಿಕೊಂಡಿತು. "ಈಗ್ಲೇ ಬ್ಯಾಡ ಅತ್ತೆ, ಪರೀಕ್ಷೆ ಮುಗೀಲಿ" ಎಂದಳು. ಪರೀಕ್ಷೆ ಮುಗಿದು ವಾರವಾಗಿತ್ತು. ಸಿಕ್ಕಿಬಿದ್ದೆಯಲ್ಲೇ ಎಂದು ಒಳಗೊಳಗೇ ಹಿಗ್ಗಿದೆ.

ಹನೂರು ದಾಟಿ ಬೆಟ್ಟ ಸೇರಿದೆವು. ದರ್ಶನ ಮಾಡಿ ಕರ್ಪೂರ ಹಚ್ಚಿದೆವು, ಹರಕೆ ತೀರಿತು. ದಾಸೋಹದ ಪಂಕ್ತಿಯಲ್ಲಿ ಅವಳನ್ನು ನಮ್ಮಿಬ್ಬರ ನಡುವೆ ಕೂರಿಸಿದೆ. ಅನ್ನ, ಸಾರು ಬಡಿಸಿದರು. ಅವಳು ಮುಟ್ಟಲಿಲ್ಲ.

"ಉಣ್ಣು ಮಗ, ಅರಕೆ ತೀರ್ತಲ್ಲ" ಎಂದಳು ತಾಯಿ.

"ಇನ್ನೊಂದ್ ಅರಕೆ ಅದೆ ಕಣವ್ವ."

"ಅದ್ಯಾವ್ ದೇವ್ರಿಗೆ? ತೋರ್ಸೇ ಆ ಫೋನ" ಎಂದು ನಾನು ಕೈ ಚಾಚಿದೆ.

ತೋರಿಸಿದಳು. ಹುಡುಗನೂ ಇಲ್ಲ, ಗಿಡುಗನೂ ಇಲ್ಲ. ಎಲ್ಲ ಅವಳದೇ ಫೋಟೋಗಳು. ಒಂದರ ಕೆಳಗೆ ಯಾರೋ 'ಕುಂಬಳಕಾಯಿ' ಎಂದು ಬರೆದಿದ್ದರು, ಅದಕ್ಕೆ ನೂರಾರು ಜನ ನಕ್ಕಿದ್ದರು.

"ಯಾರೇ ಇವ್ನು?"

"ಗೊತ್ತಿಲ್ಲ ಅತ್ತೆ."

"ಗುರ್ತಿಲ್ದೋನ್ ಮಾತ್ಗೆ ಅನ್ನ ಬುಟ್ಯಾ? ಮಾದಪ್ಪನ್ ಹೆಸ್ರಲ್ಲಿ ಸುಳ್ ಯೋಳಿದ್ಯಾ?" ಎಂದು ಕೂಗಾಡಿದೆ. ಪಂಕ್ತಿಯವರೆಲ್ಲ ತಿರುಗಿ ನೋಡಿದರು. ನೋಡಲಿ!

ಮಹಾಲಕ್ಷ್ಮಮ್ಮ ಬೈಯಲಿಲ್ಲ. ತುತ್ತು ಕಲಸಿ ಮಗಳ ಬಾಯಿಗಿಟ್ಟಳು. ಪವಿತ್ರ ಅಗಿದಳು, ನುಂಗಲು ನೋಡಿದಳು, ಕೊನೆಗೆ ಅಂಗೈಗೆ ಉಗಿದಳು.

"ಮೊದ್ಲು ಸುಳ್ಳೇ ಯೋಳಿದ್ದೆ ಕಣವ್ವ. ಈಗ ಉಣ್ಬೇಕು ಅಂದ್ರೂ ಆಯ್ತಾ ಇಲ್ಲ. ಎದ್ರಿಕೆ ಆಯ್ತದೆ."

ನನ್ನ ಕೋಪವೆಲ್ಲ ಇಳಿದುಹೋಯಿತು. ಯಾವನೋ ಹುಡುಗನೇ ಇದ್ದಿದ್ದರೆ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದೆ. ಇಲ್ಲಿ ಯಾರನ್ನು ಹಿಡಿಯಲಿ?

"ಏಳು ಮಗ, ಡಾಕ್ಟ್ರತ್ರ ಓಗಣ" ಎಂದೆ.

ಏಳಲು ಹೋಗಿ ಕುಸಿದಳು. ಎರಡೂ ಕೈ ಹಾಕಿ ಎತ್ತಿಕೊಂಡೆ. ನನ್ನ ಈ ವಯಸ್ಸಿನಲ್ಲೂ ನನ್ನೊಬ್ಬಳ ಕೈಗೇ ಹಗುರಾಗಿ ಬಂದುಬಿಟ್ಟಳು. ಅವಳು ನನ್ನ ಹೆಗಲಿಗೆ ತಲೆಯಿಟ್ಟು ಮೆಲ್ಲಗೆ ಕೇಳಿದಳು:

"ನಾನು ಬಾರ ಇದ್ದೀನಾ ಅತ್ತೆ?"