ಬಸಿದ ನೀರು

ನನ್ನ ಗಂಡ ದೇವರಾಜು ಮೊದಲ ಸಲ ಒಲೆ ಹಚ್ಚಿದ್ದು ನಾನು ಬಾಣಂತನಕ್ಕೆ ದೊಡ್ಡಮಳೂರಿನ ತವರಿಗೆ ಬಂದ ಮೇಲೆ. ಅಲ್ಲಿಯವರೆಗೆ ಇವರಿಗೆ ಅಡುಗೆಮನೆ ಅಂದರೆ ನೀರು ಕುಡಿದು ಲೋಟ ಇಟ್ಟು ಬರುವ ಜಾಗ. ಕೂಟಗಲ್ಲಿನ ಮನೆಯಲ್ಲಿ ಉಳಿದವರು ಇವರು ಮತ್ತು ನನ್ನ ಅತ್ತೆ ಬೋರಮ್ಮ, ಇಬ್ಬರೇ. ನಾದಿನಿ ಶ್ವೇತ ಬಿಡದಿಯ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ರೂಮು ಮಾಡಿಕೊಂಡಿದ್ದಳು. ಅತ್ತೆಗೆ ಒಲೆ ಮುಂದೆ ನಿಲ್ಲುವ ಶಕ್ತಿ ಇರಲಿಲ್ಲ. ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಸಲ ರಾಮನಗರಕ್ಕೆ ಡಯಾಲಿಸಿಸ್‌ಗೆ ಹೋಗುತ್ತಿದ್ದರು.

ಇದು ಗೊತ್ತಿದ್ದದ್ದು ನಮ್ಮ ಮನೆಯವರಿಗೆ ಮಾತ್ರ. ಊರಿಗೆ ನಾವು ಹೇಳಿದ್ದು ಮಂಡಿನೋವು, ಆಸ್ಪತ್ರೇಲಿ ಮಂಡಿಗೆ ಕರೆಂಟ್ ಕೊಡಿಸೋಕೆ ಹೋಗ್ತೀವಿ ಅಂತ. ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ಎಡಗೈ ಯಾರ ಕಣ್ಣಿಗೂ ಬೀಳಬಾರದೆಂದು ಅತ್ತೆ ಬೇಸಿಗೆಯಲ್ಲೂ ತುಂಬುತೋಳಿನ ರವಿಕೆ ತೊಟ್ಟು ಬೆವರುತ್ತಿದ್ದರು. ಇದಕ್ಕೆಲ್ಲ ಕಾರಣ ಶ್ವೇತಳ ಮದುವೆ. ಮಾಗಡಿ ಕಡೆಯ ಸಂಬಂಧ ಬಂದಿತ್ತು, ಹುಡುಗನ ಮನೆಯವರು ನೋಡಿ ಒಪ್ಪಿದ್ದರು.

"ತಾಯ್ಗೆ ಕಿಡ್ನಿ ಹೋಗೈತೆ ಅಂದ್ರೆ ಮಗಳ್ಗೂ ಹೋಯ್ತದೆ ಅಂತಾರೆ. ತಾಳಿ ಬೀಳೋಗಂಟ ಯಾರೂ ಬಾಯಿ ಬುಡಬ್ಯಾಡಿ" ಅಂತ ಅತ್ತೆಯ ಕಟ್ಟಪ್ಪಣೆ ಆಗಿತ್ತು.

ತವರಿಗೆ ಹೊರಡುವ ಮುನ್ನ ಇವರಿಗೆ ಗಿಣಿಗೆ ಹೇಳಿದಂತೆ ಹೇಳಿದ್ದೆ. ಸೊಪ್ಪು, ತರಕಾರಿ, ಏನೇ ಆಗಲಿ, ಹೆಚ್ಚಿ ನೀರಲ್ಲಿ ನೆನೆಸಿ, ಬೇಯಿಸಿ, ಬೆಂದ ನೀರು ಬಸಿದು ಚೆಲ್ಲಿ, ಆಮೇಲೆ ಒಗ್ಗರಣೆ ಹಾಕಿ. ಸೊಪ್ಪಿನ ಪೊಟ್ಯಾಸಿಯಂ ಆ ನೀರಿಗೆ ಇಳಿದಿರುತ್ತದೆ, ಅದು ಮೈಯಲ್ಲಿ ಹೆಚ್ಚಾದರೆ ಎದೆಬಡಿತವೇ ನಿಲ್ಲಬಹುದು ಅಂತ ಡಾಕ್ಟರು ನನ್ನೆದುರಿಗೇ ಹೇಳಿದ್ದರು. ನಮ್ಮ ಸೀಮೆಯವರಿಗೆ ಇದಕ್ಕಿಂತ ಕಷ್ಟದ ಪಥ್ಯ ಬೇರೆ ಇಲ್ಲ. ಆ ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ತಾನೆ ಬಸ್ಸಾರು! ನಾನು ಅದನ್ನು ಮೋರಿಗೆ ಸುರಿಯುವಾಗಲೆಲ್ಲ ಅತ್ತೆ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು.

ಮೊದಲಲ್ಲಿ ಇವರು ನನ್ನ ತಲೆ ತಿಂದರು. ಉಪ್ಪು ಎಷ್ಟು, ಸಾಸಿವೆ ಯಾವಾಗ, ಮುದ್ದೆ ಯಾಕೆ ಗಂಟು ಗಂಟು. ನಾನು ಮಗುವಿಗೆ ಹಾಲು ಕೊಡಲು ಕೂತರೆ ಸಾಕು, ಫೋನು ಬಡಿದುಕೊಳ್ಳುತ್ತಿತ್ತು. ಅಷ್ಟೆಲ್ಲ ಕೇಳಿ ಮಾಡಿದ ಅಡುಗೆಯನ್ನು ಅತ್ತೆ ಒಂದು ತುತ್ತು ತಿಂದು ತಟ್ಟೆ ತಳ್ಳುತ್ತಿದ್ದರಂತೆ. ಆಮೇಲೆ ಒಂದು ದಿನ ಫೋನು ನಿಂತೇಹೋಯಿತು. ಜೊತೆಯಲ್ಲಿ ಕೆಲಸ ಮಾಡುವ ಹಬೀಬ್ ಇವರ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದ. ಮನೆಯಲ್ಲಿ ಏನಿದೆಯೋ ಅದರ ಫೋಟೋ ತೆಗೆದರೆ ಆಯಿತು, ಅಷ್ಟರಲ್ಲೇ ಏನು ಮಾಡಬಹುದು ಅಂತ ಒಂದು ಹೆಣ್ಣುದನಿ ಪುಸ್ತಕದ ಕನ್ನಡದಲ್ಲಿ ಹೇಳಿಕೊಡುತ್ತದೆ. 'ಈಗ ಉರಿಯನ್ನು ತಗ್ಗಿಸಿ' ಅಂದರೆ ಇವರು ತಗ್ಗಿಸುವುದು. ನಾನು ಹೇಳಿದ್ದನ್ನು ಒಂದು ದಿನವೂ ಹೀಗೆ ಕೇಳಿದವರಲ್ಲ. ಹೊಟ್ಟೆಕಿಚ್ಚಾಯಿತು ನಿಜ, ಆದರೂ ಅತ್ತೆ ತಟ್ಟೆ ಖಾಲಿ ಮಾಡುತ್ತಿದ್ದಾರೆ ಅಂದಾಗ ನೆಮ್ಮದಿಯೂ ಆಯಿತು.

ಭಾನುವಾರ ಮಧ್ಯಾಹ್ನ ಮಗುವನ್ನು ತೋರಿಸೋಣವೆಂದು ವಿಡಿಯೋ ಕಾಲ್ ಮಾಡಿದೆ. ಇವರು ಮಗನ ಮುಖ ನೋಡುವುದು ಬಿಟ್ಟು ತಮ್ಮ ತಟ್ಟೆ ತೋರಿಸಿದರು. ನಡುವೆ ಮುದ್ದೆ, ಒಂದು ಕಡೆ ದಂಟಿನ ಸೊಪ್ಪು ಹೆಸರುಕಾಳಿನ ಪಲ್ಯ, ಪಕ್ಕದ ಬಟ್ಟಲಲ್ಲಿ ಕಂದುಬಣ್ಣದ ಸಾರು.

"ಹೆಂಗೈತೆ? ಬಸ್ಸಾರು! ನಿನ್ ಕೈಲೂ ಇಂಗೆ ಬರಾಕಿಲ್ಲ ಬುಡು."

ನಾನು ಫೋನು ಕಣ್ಣ ಹತ್ತಿರ ತಂದೆ. "ಅತ್ತೆಗೂ ಇದನ್ನೇ ಕೊಟ್ರಾ?"

"ಇನ್ನೇನ್ ಮತ್ತೆ? ಎಲ್ಡು ಬಟ್ಲು ಕುಡುದ್ಲು. ಈ ವಾರೆಲ್ಲ ಅವ್ವ ಸಂದಾಕಿ ಉಣ್ತಾವ್ಳೆ."

"ಬಸಿದ್ ನೀರು ಚೆಲ್ಲಿ ಅಂತ ಬಡ್ಕೊಂಡಿದ್ನಲ್ರೀ!"

"ಅದ್ರಲ್ಲೇ ಸತ್ವ ಐತೆ, ಚೆಲ್ಬ್ಯಾಡಿ ಅಂತು ಈ ಆ್ಯಪು. ಅವ್ವನೂ ಅಂಗೇ ಅಂದ್ಲು."

"ಅತ್ತೆಗೆ ಕಾಯಿಲೆ ಐತೆ ಅಂತ ಅದ್ಕೆ ಹೇಳಿದ್ರೋ ಇಲ್ವೋ?"

ಇವರು ತಡವರಿಸಿದರು. ಆ್ಯಪು ಮೊದಲ ದಿನವೇ ಕೇಳಿತ್ತಂತೆ, ಊಟ ಮಾಡುವವರಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ, ಬಿ.ಪಿ., ಕಿಡ್ನಿ ತೊಂದರೆ ಇದೆಯೇ ಎಂದು. ಪಡಸಾಲೆಯಲ್ಲಿ ಮಲಗಿದ್ದ ಅತ್ತೆ ಅಲ್ಲಿಂದಲೇ, "ಇಲ್ಲ ಅಂತ ಒತ್ಲಾ. ಫೋನ್ಗೆ ಹೇಳಿದ್ದು ಊರ್ಗೆಲ್ಲ ಹೋಯ್ತದೆ" ಅಂದಿದ್ದರು. ಇವರು ಒತ್ತಿದ್ದರು. ಯಂತ್ರವನ್ನು ಬೈಯೋಣವೆಂದರೆ ಅದು ಕೇಳಬೇಕಾದ್ದನ್ನು ಕೇಳಿತ್ತು. ಊರಿಗೆಲ್ಲ ಸುಳ್ಳು ಹೇಳಿ ರೂಢಿಯಾದವರು ಅದಕ್ಕೂ ಒಂದು ಹೇಳಿದ್ದರು, ಅಷ್ಟೆ.

"ಫೋನು ಅತ್ತೆಗೆ ಕೊಡಿ" ಅಂದೆ.

ಅತ್ತೆ ಮೊಮ್ಮಗನನ್ನು ಕಂಡು ನಕ್ಕರು. ಪರದೆಯ ಮೇಲೆ ಅವನ ಕೆನ್ನೆ ಮುಟ್ಟಲು ಕೈ ಎತ್ತಹೋದರು. ಕೈ ಅರ್ಧ ಎದ್ದು ಕೌದಿಯ ಮೇಲೆ ಬಿತ್ತು.

"ಕೈಕಾಲೆಲ್ಲ ಸೋತಂಗಾಗೈತೆ ಕಣವ್ವ. ಬೆಳಿಗ್ಗಿಂದ ಎದ್ದು ನಿಲ್ಲಾಕಾಯ್ತಿಲ್ಲ. ಊಟ ಮಾತ್ರ ಚೆನ್ನಾಗಿತ್ತು."

"ರೀ, ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ! ಫೋನ್ ಕಟ್ ಮಾಡ್ಬೇಡಿ!" ನಾನು ಕಿರುಚಿದ ರಭಸಕ್ಕೆ ಮಗು ಬೆಚ್ಚಿತು.

ಕಾರಿದ್ದದ್ದು ಪಕ್ಕದ ಬೀದಿಯ ಮರಿಯಪ್ಪನವರ ಹತ್ತಿರ. ಶ್ವೇತಳಿಗೆ ಮಾಗಡಿಯ ಸಂಬಂಧ ತಂದವರೂ ಅವರೇ. ಒಳ್ಳೆಯ ಮನುಷ್ಯ, ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಬಂದರು. ಇವರ ಜೇಬಿನಲ್ಲಿದ್ದ ಫೋನಿನಿಂದ ನನಗೆ ಎಲ್ಲ ಕೇಳಿಸುತ್ತಿತ್ತು. ಕಾರು ಹೊರಟದ್ದು, ದಾರಿಯಲ್ಲಿ ಅತ್ತೆ ವಾಂತಿ ಮಾಡಿಕೊಂಡದ್ದು, ಮರಿಯಪ್ಪ "ರಾಮನಗರಗಂಟ ತಡೆಯಾಕಿಲ್ಲ ಕಣ್ಲಾ" ಅಂದದ್ದು. ಮೊದಲು ಕಂಡ ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಿದರು. ಅಲ್ಲಿ ಅತ್ತೆಯ ಗುರುತು ಯಾರಿಗೂ ಇರಲಿಲ್ಲ.

"ಮೊದ್ಲೇ ಏನಾದ್ರೂ ಕಾಯಿಲೆ ಇತ್ತಾ? ಎಲ್ಲಾದ್ರೂ ತೋರಿಸ್ತಿದ್ರಾ?" ಡಾಕ್ಟರ ದನಿ.

ನಾನು ಕಿವಿಗೊಟ್ಟು ಕಾದೆ. ಇವರು ಮಾತಾಡಲಿಲ್ಲ. ಮಾತಾಡಿ, ಹೇಳಿ, ಬಾಯಿ ಬಿಡಿ ಅಂತ ನಾನು ಒಳಗೊಳಗೇ ಹೊಡೆದುಕೊಳ್ಳುತ್ತಿದ್ದೆ. ಕೊನೆಗೆ ಉತ್ತರ ಕೊಟ್ಟವರು ಮರಿಯಪ್ಪ. "ಮಂಡಿನೋವು ಒಂದೈತೆ ಸಾರ್. ಕರೆಂಟ್ ಕೊಡುಸ್ತಾವ್ರೆ. ಇನ್ನೇನಿಲ್ಲ."

ಆಗಲೂ ನನ್ನ ಗಂಡ ಸುಮ್ಮನಿದ್ದರು. ತಂಗಿಯ ಮದುವೆ ಒಂದು ಕಡೆ, ಹೆತ್ತ ತಾಯಿಯ ಜೀವ ಒಂದು ಕಡೆ, ನಡುವೆ ಬಾಯಿ ಕಟ್ಟಿಹೋಗಿತ್ತು. ಅದು ನನಗೂ ಅರ್ಥವಾಗುತ್ತದೆ. ಆದರೆ ಅರ್ಥಮಾಡಿಕೊಂಡು ಕೂರುವ ಹೊತ್ತು ಅದಲ್ಲ.

"ಸುಳ್ಳು ಡಾಕ್ಟ್ರೇ!" ನಾನು ಗಂಟಲು ಹರಿಯುವಂತೆ ಕೂಗಿದೆ. "ಎರಡೂ ಕಿಡ್ನಿ ಹೋಗಿದೆ! ಡಯಾಲಿಸಿಸ್ ಮಾಡಿಸ್ತಿದ್ದೀವಿ! ವಾರದಿಂದ ಸೊಪ್ಪು ಬೇಯಿಸಿದ ನೀರು ಕುಡಿದಿದ್ದಾರೆ! ಎಡಗೈ ರವಿಕೆ ತೋಳು ಸರಿಸಿ ನೋಡಿ!"

ಆಮೇಲೆ ಕೇಳಿಸಿದ್ದು ಬರೀ ಓಡಾಟ. ಯಾರೋ ಇಸಿಜಿ ಅಂದರು, ಯಾರೋ ಇಂಜೆಕ್ಷನ್ ತರಲು ಹೇಳಿದರು. ಫೋನಿನ ಚಾರ್ಜು ಮುಗಿದು ಕಟ್ಟಾಯಿತು. ಸಂಜೆ ಇವರು ಬೇರೆ ನಂಬರಿನಿಂದ ಮಾಡಿ, ಆಂಬುಲೆನ್ಸಿನಲ್ಲಿ ರಾಮನಗರಕ್ಕೆ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸಿದೆವು, ಇನ್ನು ಒಸಿ ತಡವಾಗಿದ್ದರೆ ಉಳಿಯುತ್ತಿರಲಿಲ್ಲವಂತೆ ಅಂದರು. ನಾನು ಗೋಡೆಗೊರಗಿ ಗಳಗಳನೆ ಅತ್ತುಬಿಟ್ಟೆ.

ಮಾರನೆಯ ದಿನ ಅತ್ತೆಯೇ ಫೋನು ಹಿಡಿದರು. ದನಿ ಕ್ಷೀಣವಾಗಿತ್ತು, ಮಾತು ಮಾತ್ರ ಖಚಿತವಾಗಿತ್ತು.

"ನೀನು ಒಂದ್ ಕೆಲ್ಸ ಮಾಡವ್ವ. ಮರಿಯಪ್ಪಂಗೆ ಫೋನ್ ಮಾಡಿ, ನಾನು ಹಸೀ ಬಾಣಂತಿ, ತಲೆ ಕೆಟ್ಟು ಏನೇನೋ ಅಂದ್ಬುಟ್ಟೆ, ನಮ್ಮತ್ತೆಗೆ ಏನೂ ಇಲ್ಲ ಅಂತ ಹೇಳ್ಬುಡು."

ನಾನು ಕೇಳಿಸಿಕೊಂಡದ್ದು ಸರಿಯೇ ಎಂದು ಅನುಮಾನವಾಯಿತು. ಅವರ ಹಿಂದಿನಿಂದ ಇವರ ದನಿ ಬಂತು. "ಹೇಳ್ಬುಡು ನವ್ಯ. ಒಂದ್ ಮಾತು ತಾನೆ."

"ನಿಮ್ಮ ಆ ಒಂದ್ ಮಾತ್ಗೇ ನಿನ್ನೆ ಹೆಣ ಬೀಳ್ತಿತ್ತಲ್ರೀ" ಅಂದೆ. "ನಂಗೆ ಹುಚ್ಚು ಹಿಡಿದಿಲ್ಲ ಅತ್ತೆ. ನಾನು ಹೇಳಲ್ಲ."

"ನನ್ ಮಗಳ ಬಾಳು ಹಾಳ್ ಮಾಡ್ದೆ" ಅಂದರು ಅತ್ತೆ.

ಮರಿಯಪ್ಪನವರೇ ಫೋನು ಮಾಡಿದರು, ಅವತ್ತು ಸಂಜೆಯೇ. "ನೀನೇ ಹೇಳವ್ವ. ದಿಟವಾ?"

ಇಲ್ಲ ಅನ್ನಬಹುದಿತ್ತು. ಆ ಹೊತ್ತಲ್ಲಿ ಶ್ವೇತಳ ಮುಖ ಕಣ್ಣೆದುರು ಬಂತು. ಆದರೆ ಇನ್ನೊಂದು ಸಲ ಅತ್ತೆ ಕಾರಿನಲ್ಲಿ ಮಲಗಿ ಹೋಗಬೇಕಾದರೆ ಮತ್ತೆ ಮಂಡಿನೋವು ಅನ್ನಬೇಕಲ್ಲ.

"ದಿಟ ಮಾವ. ಶ್ವೇತಂಗೆ ಏನೂ ಇಲ್ಲ. ಬೇಕಾದ್ರೆ ಪರೀಕ್ಷೆ ಮಾಡ್ಸಿ ನೋಡ್ಲಿ."

"ಮೊದ್ಲೇ ಹೇಳಿದ್ರೆ ನಾನೇ ಮುಂದೆ ನಿಂತು ಒಪ್ಪುಸ್ತಿದ್ದೆ ಕಣವ್ವ. ಈಗ ಯಾವ್ ಮುಖ ಇಟ್ಕಂಡು ಹೋಗ್ಲಿ? ಡಾಕ್ಟ್ರ ಮುಂದೆ ನನ್ ಬಾಯಲ್ಲೇ ಸುಳ್ಳು ಹೇಳುಸ್ಬುಟ್ರಲ್ಲ" ಅಂದು ಫೋನಿಟ್ಟರು.

ಈ ಸುದ್ದಿ ಶ್ವೇತಳಿಗೆ ಬೇರೆ ಯಾರ ಬಾಯಿಂದಲೋ ಗೊತ್ತಾಗುವುದು ಬೇಡವೆಂದು ನಾನೇ ಫೋನು ಮಾಡಿದೆ. ಆಸ್ಪತ್ರೆಯಲ್ಲಿ ಕೂಗಿದ್ದು, ಮರಿಯಪ್ಪನವರಿಗೆ ಹೇಳಿದ್ದು, ಒಂದೂ ಬಿಡದೆ ಹೇಳಿದೆ. ಅವಳು ಬೈಯಲಿ ಅಂತ ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಅವ್ವನ್ನ ಉಳುಸ್ಕೊಟ್ಟೆ ಅತ್ಗೆ" ಅಂದಳು. ಆಮೇಲೆ ಮೆಲ್ಲಗೆ, "ನಂಗೆ ಆ ಹುಡ್ಗ ಇಷ್ಟ ಆಗಿದ್ದ" ಅಂದಳು.