ಹುಣಸೆಹಣ್ಣು ಕಾಣದ ದೇಶದ ನಾಣ್ಯ

ಅಜ್ಜಂಪುರದ ತೀರ್ಥೇಶ್ ರೋಮನ್ ನಾಣ್ಯಗಳ ಪಂಡಿತನಾಗಿ ಸರಿಯಾಗಿ ನಾಲ್ಕು ತಿಂಗಳಾಗಿತ್ತು. ಅದಕ್ಕೆ ಮುಂಚೆ ಒಂದು ವರ್ಷ ಜೇನುಸಾಕಣೆಯ ಪಂಡಿತನಾಗಿದ್ದ. ಹುಳುಗಳು ಬೇಸತ್ತು ಪೆಟ್ಟಿಗೆ ಬಿಟ್ಟು ಎದ್ದುಹೋದ ಮೇಲೆ, ಕಚ್ಚದ ವಿದ್ಯೆಯೊಂದು ಬೇಕೆನಿಸಿ ನಾಣ್ಯಕ್ಕೆ ಕೈಹಾಕಿದ. ತೆಂಗಿನ ತೋಟ ಅವನ ಹಂಗಿಲ್ಲದೆ ಕಾಯಿ ಬಿಡುತ್ತಿತ್ತು, ಆದ್ದರಿಂದ ಪಾಂಡಿತ್ಯಕ್ಕೆ ಬಿಡುವು ಬೇಕಾದಷ್ಟಿತ್ತು.

ಕಡೂರಿನ ಗಡಿಯಾರ ರಿಪೇರಿಯವನ ಹತ್ತಿರ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಕೊಂಡು ತಂದ. ಅದನ್ನು ಹಾಕಿಕೊಂಡೇ ಊಟಕ್ಕೂ ಕೂರುತ್ತಿದ್ದ.

“ಮುದ್ದೆ ಯಾವ್ ರಾಜನ ಕಾಲದ್ದು ಅಂತ ಗೊತ್ತಾಯ್ತಾ?” ಎಂದು ಹೆಂಡತಿ ಸುಲೋಚನಮ್ಮ ಕೇಳಿದರೆ, ಅಜ್ಞಾನಿಗಳ ಮಾತಿಗೆ ಉತ್ತರ ಕೊಡುವ ಪದ್ಧತಿ ಅವನಲ್ಲಿರಲಿಲ್ಲ.

ಈ ವಿದ್ಯೆಗೊಬ್ಬ ಗುರುವಿದ್ದರು. ಬೀರೂರಿನ ರಘುನಾಥ್ ಮೇಷ್ಟ್ರು, ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ನಲವತ್ತು ವರ್ಷದಲ್ಲಿ ಒಂದೊಂದಾಗಿ ಕೂಡಿಸಿದ ಮೂವತ್ತು ರೋಮನ್ ನಾಣ್ಯ ಅವರ ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ವಯಸ್ಸಾಯಿತು, ಇನ್ನು ಡಬ್ಬಿ ಓದಬಲ್ಲವರ ಕೈಗೆ ಸೇರಲಿ ಎಂದು ಅವರಿಗೆ ಅನಿಸಿತ್ತು. ತೀರ್ಥೇಶನಿಗೂ ಹಾಗೇ ಅನಿಸಿತ್ತು. ಆ ಡಬ್ಬಿಗಾಗಿ ಅವನ ಜೀವ ತುಡಿಯುತ್ತಿತ್ತು, ಅದೊಂದು ಮಾತ್ರ ಸುಳ್ಳಲ್ಲ.

ಮೇಷ್ಟ್ರು ಡಬ್ಬಿಯಿಂದ ಒಂದು ನಾಣ್ಯ ತೆಗೆದು ಅವನ ಅಂಗೈಯಲ್ಲಿಟ್ಟರು. ಉಗುರಿನಷ್ಟಗಲ, ಮೈತುಂಬ ಹಸಿರು ಕಿಟ್ಟ. ಒಂದು ಕಡೆ ರಾಜನ ತಲೆ. ಇನ್ನೊಂದು ಕಡೆ ಇಬ್ಬರು ಸಿಪಾಯಿಗಳು, ಅವರ ಕಾಲಡಿ ಒಂದು ಗೆರೆ, ಗೆರೆಯ ಕೆಳಗೆ ಸಾಸಿವೆಯಂಥ ಅಕ್ಷರಗಳು. ನಾಣ್ಯ ಯಾವ ಊರಿನ ಟಂಕಸಾಲೆಯಲ್ಲಿ ಅಚ್ಚಾಯಿತೆಂದು ಹೇಳುವ ಗುರುತು ಅದೇ.

“ಓರೆ ಬೆಳಕಲ್ಲಿ ನೋಡು. ಹತ್ತು ದಿನ ನೋಡು. ಯಾವ ಟಂಕಸಾಲೆದು ಅಂತ ಓದಿ ಹೇಳಿದ್ರೆ ಡಬ್ಬಿ ನಿಂದು. ಆಗ್ಲಿಲ್ವಾ, ನಾಣ್ಯ ತಂದ್ಕೊಡು, ಇನ್ನೊಂದಿನ ನೋಡಣ” ಎಂದರು.

ಉಜ್ಜಬೇಡ ಎಂದು ಮಾತ್ರ ಹೇಳಲಿಲ್ಲ. ಪುಸ್ತಕ ಓದಲು ಕೊಡುವವರು ಹರಿಯಬೇಡ ಎಂದೂ ಹೇಳಿ ಕೊಡುತ್ತಾರೆಯೇ?

ಮರುದಿನವೇ ತೀರ್ಥೇಶ್ ತರೀಕೆರೆಯಲ್ಲಿ ಷಡ್ಡಕನ ಮನೆ ಗೃಹಪ್ರವೇಶದ ಪಂಕ್ತಿಯಲ್ಲಿ ಕೂತು, ಡಬ್ಬಿ ತನ್ನದಾದಂತೆಯೇ ಎಂದು ಸಾರಿದ. ಬರುವಾಗ ಬಡಗಿಯ ಹತ್ತಿರ ಗಾಜಿನ ಬೀರುವಿಗೂ ಹೇಳಿ ಬಂದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಅವನನ್ನು ಮೀರಿಸುವವರು ಮೂರು ತಾಲ್ಲೂಕಿನಲ್ಲಿ ಇರಲಿಲ್ಲ.

ಒಂಬತ್ತು ದಿನ ನೋಡಿದ. ಎಸ್ ಕಂಡಿತು, ಎಮ್ ಕಂಡಿತು. ಮೂರನೆಯದು ಕಿಟ್ಟದೊಳಗೆ ಮುಖ ಮುಚ್ಚಿಕೊಂಡಿತ್ತು. ಅದು ಎನ್ ಆದರೆ ನಿಕೊಮೀಡಿಯ ಊರಿನ ಟಂಕಸಾಲೆ, ಕೆ ಆದರೆ ಸಿಜಿಕಸ್, ಎಚ್ ಆದರೆ ಹೆರಾಕ್ಲಿಯ. ಮೊಬೈಲಿನಲ್ಲಿ ನೋಡಿದ ಅಷ್ಟೂ ವಿಡಿಯೊಗಳು ಹಳೇ ನಾಣ್ಯವನ್ನು ತೊಳೆಯಲೇಬೇಡಿ ಎಂದು ಬಡಕೊಳ್ಳುತ್ತಿದ್ದವು. ಹತ್ತನೆಯ ದಿನ ಬೆಳಿಗ್ಗೆ ಅವನು ಅಡುಗೆಮನೆಗೆ ಹೋಗಿ ಹುಣಸೆಹಣ್ಣು ಕೇಳಿದ.

“ಮೇಷ್ಟ್ರಿಗೊಂದು ಫೋನ್ ಮಾಡಿ ಕೇಳ್ರೀ ಮೊದ್ಲು” ಎಂದಳು ಸುಲೋಚನಮ್ಮ.

“ಆ ವಿಡಿಯೊ ಮಾಡಿರೋರೆಲ್ಲ ಫಾರಿನ್ನೋರು ಕಣೇ. ಪಾಪ, ಅವರ ದೇಶದಲ್ಲಿ ಹುಣಸೆಹಣ್ಣೇ ಇಲ್ಲ, ಅವರೇನ್ ಮಾಡ್ತಾರೆ? ನಮ್ಮಜ್ಜಿ ಕಾಲದಿಂದ ದೇವರ ಸಾಮಾನು ಇದರಲ್ಲೇ ತಿಕ್ತಾ ಬಂದಿದೀವಿ. ಯಾವ್ ದೇವ್ರು ಸವೆದೋಗಿದಾನೆ ಹೇಳು?”

ಹುಣಸೆರಸಕ್ಕೆ ಉಪ್ಪು ಬೆರೆಸಿ ನಾಣ್ಯವನ್ನು ಮುಳುಗಿಸಿಟ್ಟು ತೋಟಕ್ಕೆ ಹೋದ. ಮಧ್ಯಾಹ್ನ ಬಂದು ತೆಂಗಿನ ನಾರಿನಿಂದ ತಿಕ್ಕಿದ. ಹಬ್ಬದ ದಿನದ ಪಂಚಪಾತ್ರೆಯ ಹಾಗೆ ನಾಣ್ಯ ಕೆಂಪಗೆ ಥಳಥಳಿಸಿತು. ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರೆ ಮೂರನೆಯ ಅಕ್ಷರ ಇರಲಿಲ್ಲ. ಎಸ್, ಎಮ್ ಕೂಡ ಇರಲಿಲ್ಲ. ಸಿಪಾಯಿಗಳು ಇದ್ದ ಜಾಗದಲ್ಲಿ ಎರಡು ಉಬ್ಬುಗಳಿದ್ದವು. ಸಾವಿರದ ಏಳುನೂರು ವರ್ಷ ಮಣ್ಣಲ್ಲಿ ಕೂತ ತಾಮ್ರದ ಮೇಲ್ಮೈ ತಾನೇ ಹಸಿರು ಕಿಟ್ಟವಾಗಿ, ರಾಜ, ಸಿಪಾಯಿ, ಅಕ್ಷರ ಎಲ್ಲ ಅದರಲ್ಲೇ ಉಳಿದಿದ್ದವು. ಪಂಡಿತ ಅಷ್ಟನ್ನೂ ಬಚ್ಚಲಿಗೆ ಚೆಲ್ಲಿದ್ದ. ಸುಲೋಚನಮ್ಮ ಬಂದು ಇಣುಕಿ ನೋಡಿ, ಹುಣಸೆಹಣ್ಣಿನ ಭರಣಿಯನ್ನು ಅಟ್ಟಕ್ಕೆ ಎತ್ತಿಟ್ಟಳು.

ಮಾರನೆಯ ದಿನ ಪ್ಯಾಸೆಂಜರ್ ರೈಲು ಹತ್ತಿ ಬೀರೂರಿಗೆ ಹೋದ. ಮೇಷ್ಟ್ರು ಕನ್ನಡಕ ಹಾಕಿಕೊಂಡು ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿರುವಿ ನೋಡಿದರು. ಅವರ ಮುಖ ಬಿಗಿದುಕೊಂಡಿತು.

“ಇದು ನಂದಲ್ಲ. ಯಾವ್ದೋ ತಾಮ್ರದ ಬಿಲ್ಲೆ ತಂದಿದೀಯ. ನನ್ ನಾಣ್ಯ ಎಲ್ಲಪ್ಪಾ?”

ಸುಮ್ಮನಿದ್ದರೆ ಕಳ್ಳ. ಬಾಯಿ ಬಿಟ್ಟರೆ ದಡ್ಡ. ಎರಡರಲ್ಲಿ ಯಾವುದು ವಾಸಿ ಎಂದು ತೀರ್ಥೇಶ್ ಅರೆಗಳಿಗೆ ಯೋಚಿಸಿದ. ಹೌದು, ಅದಕ್ಕೂ ಯೋಚಿಸಿದ.

“ಅದೇ ಸಾರ್ ಇದು” ಎಂದ ಕೊನೆಗೆ. “ಹುಣಸೆಹಣ್ಣಲ್ಲಿ ನೆನೆಹಾಕಿ ತಿಕ್ಬಿಟ್ಟೆ. ನಿಮ್ಮಾಣೆಗೂ ಬದಲಾಯಿಸಿಲ್ಲ.”

ಮೇಷ್ಟ್ರು ಅಕ್ಷರಗಳಿದ್ದ ಜಾಗದ ಮೇಲೆ ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಎಳೆದರು. ಉಗುರಿಗೆ ಏನೂ ಸಿಗಲಿಲ್ಲ.

“ನಿಕೊಮೀಡಿಯದ್ದು ಕಣೋ. ಮೂರನೇದು ಎನ್ನು. ಅದನ್ನ ಓದೋಕೆ ನಂಗೇ ಎಂಟು ವರ್ಷ ಹಿಡೀತು.”

“ತಪ್ಪಾಯ್ತು ಸಾರ್.”

“ನೀನು ಕದ್ದಿದ್ರೇ ಚೆನ್ನಾಗಿತ್ತು ತೀರ್ಥೇಶ” ಎಂದರು ಮೇಷ್ಟ್ರು. “ಎಲ್ಲೋ ಒಂದ್ಕಡೆ ಇರೋದು.”