ಹಂಡೆಯ ಮಸಿ

ಗೆಳೆಯ ರವೀಂದ್ರನ ಮನೆಯ ಬಚ್ಚಲಿನ ಬಾಗಿಲು ಹಾಕಿಕೊಂಡು ಸುಬ್ಬ ಬನಿಯನ್ನಿನ ಅಡಿಯಲ್ಲಿ ಸೊಂಟಕ್ಕೆ ಬೆಲ್ಟು ಬಿಗಿಯುತ್ತಿದ್ದ. ಡಾಕ್ಟರು ಬರೆದುಕೊಟ್ಟ, ಹಲಗೆಯಂತೆ ಗಟ್ಟಿಯಾದ ಬೆಲ್ಟು. ಹೆಂಡತಿ ಮಾಲತಿ ಹಿಂದಿನಿಂದ ಪಟ್ಟಿ ಎಳೆಯುತ್ತಿದ್ದಳು. ಹೊರಗೆ ಅಂಗಳದಲ್ಲಿ ರವೀಂದ್ರನಿಗೆ ಚಟ್ಟ ಕಟ್ಟುವ ಸದ್ದು ಕೇಳುತ್ತಿತ್ತು.

"ಬೆನ್ನು ಸಮ ಇಲ್ಲ ಹೇಳೂಕೆ ಎಂತ ನಾಚ್ಕೆ ನಿಮ್ಗೆ? ಹೊರೂಕೆ ಊರಲ್ಲಿ ಬೇರೆ ಜನ ಇಲ್ವಾ?" ಎಂದಳು ಮಾಲತಿ.

"ಜನ ಇದ್ರು. ತಲೆ ಬದಿಗೆ ನಾನೇ ನಿಲ್ತೆ ಅಂದಿದ್ದೆ ಅವಂಗೆ."

ಬೆನ್ನಿನ ಡಿಸ್ಕು ಜಾರಿದ ವಿಷಯ ಮಾಲತಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಒಂದು ಕೊಡಪಾನ ನೀರನ್ನೂ ಎತ್ತಬಾರದೆಂದು ಡಾಕ್ಟರು ಹೇಳಿದ್ದರು. ಎಡಗಾಲು ಆಗಾಗ ಹೇಳದೆ ಕೇಳದೆ ಜೋಮು ಹಿಡಿದು ಮಡಚಿಕೊಳ್ಳುತ್ತಿತ್ತು. ಆದರೆ ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ ಅವನು ಇವತ್ತಿಗೂ ಪವರ್‌ಲಿಫ್ಟಿಂಗ್ ಸುಬ್ಬ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಕಿ. ಈಗ ಮೀಸೆಯ ಮಾತು ಹಾಗಿರಲಿ, ಕಾಲು ತಪ್ಪಿದರೆ ಮಣ್ಣಿಗೆ ಬೀಳುವವನು ರವೀಂದ್ರ.

ಸ್ಮಶಾನದ ದಾರಿಯಲ್ಲಿ ಹಳ್ಳಕ್ಕೆ ಅಡ್ಡಲಾಗಿ ಒಂದು ಸಿಮೆಂಟಿನ ಸಂಕವಿದೆ. ಇಬ್ಬರು ಪಕ್ಕಪಕ್ಕ ನಡೆದರೆ ಮೂರನೆಯವನಿಗೆ ಜಾಗವಿಲ್ಲದಷ್ಟು ಕಿರಿದು. ಬದಿಗೆ ತಡೆಯೂ ಇಲ್ಲ. ನಡುವೆ ಹೆಗಲು ಬದಲಿಸುವಂತಿಲ್ಲ. ಅಲ್ಲೇ ಕಾಲು ಕೈಕೊಟ್ಟರೆ ಚಟ್ಟ ಸಮೇತ ರವೀಂದ್ರ ಹಳ್ಳಕ್ಕೆ. ಅದನ್ನು ನೆನೆದಾಗಲೆಲ್ಲ ಸುಬ್ಬನ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು.

*

ಹರೆಯದಲ್ಲಿ ಸುಬ್ಬ, ರವೀಂದ್ರ, ದೇವು ಮೂವರ ಜಿಮ್ ಎಂದರೆ ಐಸ್ ಫ್ಯಾಕ್ಟರಿಯ ಹಿಂದಿನ ಒಂದು ಖಾಲಿ ಕೋಣೆ. ಎಣ್ಣೆ ಡಬ್ಬಿಗಳಲ್ಲಿ ಸಿಮೆಂಟು ಸುರಿದು ಒಣಗಿಸಿದ್ದೇ ತೂಕ. ಮೊಣಕಾಲಿಗೆ ಸುತ್ತಲು ಅಮ್ಮಂದಿರ ಹಳೆ ಸೀರೆಯ ಪಟ್ಟಿ. ಸ್ಪರ್ಧೆಗೆ ಮುಂಚೆ ಮೈತೂಕ ನೋಡುತ್ತಿದ್ದುದು ಬಂದರಿನಲ್ಲಿ ಮೀನು ತೂಗುವ ಕಾಟಾದ ಮೇಲೆ. ಹೆಸರು ಕೇಳಿದವರಿಗೆ, "ಬಂಗಡೆ, ಎಪ್ಪತ್ತೈದು ಕೆಜಿ" ಎನ್ನುತ್ತಿದ್ದ ದೇವು.

ರವೀಂದ್ರ ಹಗಲೆಲ್ಲ ಐಸ್ ಗಡ್ಡೆ ಎಳೆದು ಬೋಟಿಗೆ ತುಂಬುತ್ತಿದ್ದ. ಎಲ್ಲರಿಗಿಂತ ಕಸುವು ಅವನಿಗೇ ಇತ್ತು. ಆದರೂ ಒಮ್ಮೆಯೂ ಸ್ಪರ್ಧೆಗೆ ಇಳಿಯಲಿಲ್ಲ. ಅವನು ಹಿಂದೆ ನಿಲ್ಲುವವನು. ಭಾರ ಹೊತ್ತು ಕುಕ್ಕರಗಾಲಲ್ಲಿ ಕೂತವನು ಏಳುವಾಗ, ಅವನ ಸೊಂಟದ ಇಬ್ಬದಿಗೂ ಬೆರಳಷ್ಟು ದೂರದಲ್ಲಿ ಎರಡು ಕೈ ಹಿಡಿದು, ತಾನೂ ಕೂತು, ತಾನೂ ಏಳುವುದು. ಬಿದ್ದರೆ ಹಿಡಿಯಬೇಕು. ಬೀಳುವ ಮುಂಚೆ ಮುಟ್ಟಿದರೆ ಎತ್ತಿದ್ದು ಲೆಕ್ಕಕ್ಕಿಲ್ಲ.

ಕುಮಟೆಯ ಸ್ಪರ್ಧೆಯಲ್ಲಿ ಸುಬ್ಬ ಅದುವರೆಗೆ ಹೊರದ ಭಾರ ಹೊತ್ತು ಕೂತ. ಏಳುವಾಗ ಅರ್ಧಕ್ಕೇ ಸಿಕ್ಕಿಕೊಂಡ. ಮೇಲೂ ಇಲ್ಲ, ಕೆಳಗೂ ಇಲ್ಲ. ಕಿವಿಯ ಹಿಂದೆ ರವೀಂದ್ರ ಮೆಲ್ಲಗೆ, "ನಾ ಇದ್ದೇನೆ ಹಿಂದೆ. ಏಳು" ಎಂದ. ಸುಬ್ಬ ಎದ್ದ.

ಎದುರು ತಂಡದವರು ಹಿಂದಿನವನು ಮುಟ್ಟಿದ್ದಾನೆಂದು ತಕರಾರು ತೆಗೆದರು. ರವೀಂದ್ರ ಮಾತಾಡದೆ ಅಂಗೈ ತೋರಿಸಿದ. ಎರಡೂ ಕರ್ರಗಿದ್ದವು. ಬೆಳಿಗ್ಗೆ ಉಳಿದುಕೊಂಡ ಮನೆಯ ಹಂಡೆಯ ತಳಕ್ಕೆ ಉಜ್ಜಿಕೊಂಡು ಬಂದಿದ್ದ. ಸುಬ್ಬನ ಬಿಳಿ ಬನಿಯನ್ನಿನ ಬೆನ್ನಿನಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಅಂದಿನಿಂದ ಪ್ರತಿ ಸ್ಪರ್ಧೆಗೂ ಅವನಿಗೆ ಮಸಿ ಬೇಕಾಯಿತು. ಗೆದ್ದ ಕಪ್ ಸುಬ್ಬನ ಮನೆಗೆ ಹೋಯಿತು, ರವೀಂದ್ರ ಮರುದಿನ ಐಸ್ ಎಳೆಯಲು ಹೋದ.

*

ಅಂಗಳದಲ್ಲಿ ದೇವು ಹೊನ್ನಾವರದ ಹೊಸ ಜಿಮ್ಮಿನ ಸುದ್ದಿ ತೆಗೆದು ದುಃಖ ನುಂಗುತ್ತಿದ್ದ. ಅಲ್ಲಿ ಭಾರ ಜಾರಿದರೆ ಹಿಡಿಯಲು ಕಬ್ಬಿಣದ ಸರಳುಗಳೇ ಇವೆಯಂತೆ, ಹಿಂದೆ ಯಾರೂ ನಿಲ್ಲುವುದೇ ಬೇಡವಂತೆ. ಒಮ್ಮೆ ರವೀಂದ್ರನನ್ನು ಕರೆದುಕೊಂಡು ಹೋಗಿ ತೋರಿಸಿದ್ದನಂತೆ. ಅವನು ಸರಳನ್ನು ತಟ್ಟಿ ನೋಡಿ, "ಗಟ್ಟಿ ಇದೆ. ಮಾತಾಡೂದಿಲ್ಲ ಅಷ್ಟೆ" ಅಂದನಂತೆ.

ತಲೆಯ ಕಡೆಗೆ ಸುಬ್ಬ ಮತ್ತು ದೇವು, ಕಾಲಿನ ಕಡೆಗೆ ರವೀಂದ್ರನ ಅಣ್ಣನ ಮಕ್ಕಳಿಬ್ಬರು ಎಂದಾಯಿತು. ಸುಬ್ಬ ಮೆಟ್ಟಿಲಿಳಿಯುವಾಗ ಎಡಗಾಲು ಕೊಂಚ ಎಳೆಯಿತು. ಯಾರೂ ನೋಡಲಿಲ್ಲ ಎಂದುಕೊಂಡ. ಆದರೆ ರವೀಂದ್ರನ ಒಬ್ಬಳೇ ಮಗಳು ಅಂಕಿತಾ ಅವನ ಕಾಲನ್ನೇ ನೋಡುತ್ತಿದ್ದಳು. ಅಪ್ಪನಿಗೆ ಕೊನೆಯ ಸ್ನಾನದ ನೀರು ಕಾಯಿಸಿದ ಹಂಡೆ ಇನ್ನೂ ಕಲ್ಲೊಲೆಯ ಮೇಲಿತ್ತು. ಅವಳು ಬಗ್ಗಿ ಎರಡೂ ಅಂಗೈಯನ್ನು ಅದರ ಮಸಿಗೆ ಚೆನ್ನಾಗಿ ಉಜ್ಜಿದಳು.

ಹೆಂಗಸರು ಹೆಣದ ಹಿಂದೆ ಬರುವ ಪದ್ಧತಿಯಿಲ್ಲ ಎಂದು ಹಿರಿಯರೊಬ್ಬರು ತಡೆದರು.

"ಸಂಕ ದಾಟೂವರೆಗೆ ಅಷ್ಟೆ ದೊಡ್ಡಪ್ಪ. ಆಮೇಲೆ ತಿರುಗಿ ಬತ್ತೆ" ಎಂದಳು ಅಂಕಿತಾ.

ಚಟ್ಟ ಹೆಗಲಿಗೇರಿತು, ಕಾಲು ಮುಂದೆ, ತಲೆ ಹಿಂದೆ. ಐಸ್ ಎಳೆದ ಮೈ, ಸತ್ತ ಮೇಲೂ ಹಗುರವಾಗಿರಲಿಲ್ಲ. ಗದ್ದೆಯ ಬದಿ ಕಳೆಯಿತು, ಮೀನು ಒಣಗಿಸುವ ಬಯಲು ಕಳೆಯಿತು. ಸಂಕಕ್ಕೆ ಕಾಲಿಟ್ಟಾಗ ಮುಂದಿನವರು ನಡೆ ತಗ್ಗಿಸಿದರು, ಭಾರವೆಲ್ಲ ಹಿಂದಕ್ಕೆ ಬಂತು. ನಡುವಿಗೆ ಬರುವಷ್ಟರಲ್ಲಿ ಸುಬ್ಬನ ಎಡ ಪಾದಕ್ಕೆ ಸಿಮೆಂಟಿನ ಬಿಸಿ ತಾಗುವುದು ನಿಂತಿತು. ಪಾದ ಆಯಿತು, ಈಗ ಮೊಣಕಾಲು. ಕೆಳಗೆ ಇಳಿತದ ನೀರು ಸಮುದ್ರದತ್ತ ಓಡುತ್ತಿತ್ತು. ಬಾಯಿ ಬಿಟ್ಟು ಹೇಳಿಬಿಡಲೇ ಎಂದುಕೊಂಡ. ಹೇಳಿದರೂ ಇಲ್ಲಿ ಹೆಗಲು ಕೊಡಲು ಬರುವವರಾರು? ಮೊಣಕಾಲು ನಡುಗತೊಡಗಿತು.

"ನಾ ಇದ್ದೇನೆ ಹಿಂದೆ, ಮಾವ" ಎಂದಳು ಅಂಕಿತಾ, ಕಿವಿಯ ಹಿಂದಿನಿಂದ, ಮೆಲ್ಲಗೆ. "ನಡೀರಿ."

ಸುಬ್ಬ ಹಲ್ಲು ಕಚ್ಚಿ ಒಂದು ಹೆಜ್ಜೆ ಇಟ್ಟ. ಮತ್ತೊಂದು. ಕಾಲು ಮಡಚಲಿಲ್ಲ. ಮಣ್ಣಿನ ನೆಲ ಬಂದಾಗ ಅವನಿಗೆ ಅಳು ಬಂತು. ಹಿಂದೆ ನೋಡುವಂತಿರಲಿಲ್ಲ. ಅವಳು ತಿರುಗಿ ಹೋದದ್ದು ಬಳೆಯ ಸದ್ದಿನಿಂದ ತಿಳಿಯಿತು.

*

ಗಾಳಿಮರಗಳ ನಡುವೆ ಚಿತೆ ಹತ್ತಿ ಉರಿದ ಮೇಲೆ ಗಂಡಸರು ಸ್ನಾನಕ್ಕೆ ಹೊಳೆಗೆ ಇಳಿದರು. ಸುಬ್ಬ ದಂಡೆಯಲ್ಲಿ ಕೂತು ದೇವುಗೆ ಬೆನ್ನಿನ ಕತೆಯನ್ನೆಲ್ಲ ಹೇಳಿಬಿಟ್ಟ. ದೇವು ಬೈದ. ಬೈಗುಳ ಮುಗಿದ ಮೇಲೆ ಸುಬ್ಬ, "ಆದ್ರೂ ದಾಟ್ಸಿದೆ ಮಾರಾಯ. ಹುಡುಗಿ ಹಿಂದೆ ಇತ್ತು, ಆದ್ರೆ ಮುಟ್ಲಿಲ್ಲ. ನಾನೇ ದಾಟ್ಸಿದೆ" ಎಂದ. ಹೇಳುವಾಗ ಹಳೆಯ ಸುಬ್ಬನ ದನಿ ಬಂದಿತ್ತು.

ಬನಿಯನ್ ಕಳಚಿ ಮಡಿಲಲ್ಲಿ ಹಾಸಿದ. ಬೆನ್ನಿನ ಕೆಳಗೆ, ಬೆಲ್ಟು ಇದ್ದ ಕಡೆಯೇ, ಇಬ್ಬದಿಗೂ ಎರಡು ಕರಿಯ ಅಂಗೈ ಮೂಡಿದ್ದವು. ಒಂದೊಂದು ಬೆರಳೂ ಒತ್ತಿ ಕಾಣುತ್ತಿತ್ತು. ಅಷ್ಟು ಗಟ್ಟಿಯಾಗಿ ಹಿಡಿದಿದ್ದಾಳೆ, ಆ ಗಡಸು ಬೆಲ್ಟಿನಿಂದಾಗಿ ಅವನಿಗೆ ತಿಳಿದೇ ಇರಲಿಲ್ಲ.

ದೇವು ನೋಡಿದ.

"ಅದ್ನೂ ಅದ್ದು" ಎಂದ. "ಸ್ಮಶಾನಕ್ಕೆ ಹಾಕ್ಕಂಡು ಬಂದದ್ದು, ಒದ್ದೆ ಮಾಡ್ದೆ ಮನೆಗೆ ಒಯ್ಯೂಕಾಗ."

ಸುಬ್ಬ ಎದ್ದು ಹೊಳೆಗೆ ಇಳಿದ. ಎದೆಮಟ್ಟದ ನೀರಿಗೆ ಬಂದು ನಿಂತು ಮುಳುಗು ಹಾಕಿದ. ಎದ್ದ, ಮತ್ತೆ ಹಾಕಿದ. ತಲೆ ನೀರಿನೊಳಗೆ ಹೋದಾಗಲೆಲ್ಲ ಬನಿಯನ್ ಹಿಡಿದ ಬಲಗೈ ಮಾತ್ರ ನೆಟ್ಟಗೆ ಮೇಲಿರುತ್ತಿತ್ತು.